ಹಿಂದಿನವರಿಗೆ ತೋರಿಸುವ ಕೈ

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗ, ಅಂಚು ಒಡೆದಿದ್ದ ಕಡೆ ಅವನ ಎಡಗೈ ತಾನಾಗಿಯೇ ಕೆಳಗಿಳಿಯಿತು. ತೋರುಬೆರಳು ಆ ಒಡಕನ್ನು ತೋರಿಸಿತು, ಒಂದು ಕ್ಷಣ ಹಾಗೇ ನಿಂತಿತು, ಮತ್ತೆ ಮೇಲಕ್ಕೆ ಬಂತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಿದ್ದೆಗಣ್ಣಲ್ಲೇ ನಕ್ಕಳು. "ಯಾರಿಗೆ ತೋರಿಸ್ತಿದ್ದೀರಿ? ನಾನಿನ್ನೂ ಮೇಲೇ ಇದೀನಲ್ಲ." ಒಂದು ವರ್ಷದಿಂದ ಕೈ ಹೀಗೇ ಆಡುತ್ತಿತ್ತು. ಅಂಗಡಿಯಲ್ಲಿ ನೆಲ ಒರೆಸಿ ಒದ್ದೆಯಾಗಿದ್ದರೆ ತೋರಿಸುತ್ತಿತ್ತು, ಬೀದಿಯಲ್ಲಿ ನಾಯಿ ಮಲಗಿದ್ದರೆ ತೋರಿಸುತ್ತಿತ್ತು. ಹಿಂದೆ ಬರುತ್ತಿದ್ದ ಮಗಳು ಒಂದು ದಿನ ರೇಗಿದ್ದಳು: "ಅಪ್ಪ, ನನಗೂ ಎರಡು ಕಣ್ಣು ಕೊಟ್ಟಿದ್ದೀರಿ." ಹಿಂದೆ ಯಾರೂ ಇಲ್ಲದಾಗಲೂ ಕೈ ಇಳಿಯುತ್ತಿತ್ತು ಎನ್ನುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕನ್ನಡಕದ ಅಂಗಡಿಯವನೇ ಕಣ್ಣು ತೋರಿಸಿಕೊಳ್ಳಬೇಕು ಎಂದು ನಗುತ್ತಿದ್ದರು, ಅಷ್ಟೇ.

ಭಾನುವಾರ ಬೆಳಗಿನ ಬೀದಿ ಖಾಲಿಯಾಗಿತ್ತು. ಮೊದಲ ತಿರುವಿನಲ್ಲಿ ಪೆಡಲು ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಅದರ ಪಾಡಿಗೆ ಹರಿಯಬಿಟ್ಟಾಗ ಅವನ ಹಿಂದಿನ ಗಾಲಿ ಎಂದಿನ ಹಾಗೆ ಒಂದೇ ಸಮನೆ ಟಿಕ್‌ಗುಟ್ಟಿತು. ಅದರ ಹಿಂದೆ, ಒಂದು ಗಾಲಿಯಷ್ಟು ದೂರದಲ್ಲಿ, ಇನ್ನೊಂದು ಸದ್ದು. ಟಿಕ್ ಟಿಕ್ ಟಿಕ್, ಒಂದು ಬಿಡುವು. ಟಿಕ್ ಟಿಕ್ ಟಿಕ್, ಒಂದು ಬಿಡುವು. ಅವನು ತಿರುಗಿ ನೋಡಲಿಲ್ಲ. ಮೊದಮೊದಲು ನೋಡುತ್ತಿದ್ದ, ಮುಚ್ಚಿದ ಅಂಗಡಿ ಬಾಗಿಲುಗಳಿಗೆ ತಗುಲಿ ವಾಪಸು ಬರುವ ತನ್ನದೇ ಸದ್ದಿರಬೇಕೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಆದರೆ ಊರಾಚೆ, ಎರಡೂ ಕಡೆ ಬರೀ ಬಯಲಿರುವ ರಸ್ತೆಯಲ್ಲೂ ಅದು ಬರುತ್ತಿತ್ತು. ತುಳಿದರೆ ಸುಮ್ಮನಾಗುತ್ತಿತ್ತು, ತುಳಿಯುವುದನ್ನು ಬಿಟ್ಟರೆ ಶುರುವಾಗುತ್ತಿತ್ತು. ಅದಕ್ಕೇ ಈ ವರ್ಷ ಅವನು ಇಳಿಜಾರಿನಲ್ಲೂ ತುಳಿಯುತ್ತಿದ್ದ. ಕಾಲು ಗಟ್ಟಿಯಾಗಿವೆ ಎಂದು ಗುಂಪಿನವರು ಹೊಗಳಿದ್ದರು.

ಗುಂಪೆಂದರೆ ಐದು ಜನ. ಭಾನುವಾರ ಬಂತೆಂದರೆ ಊರು ಬಿಟ್ಟು ನೂರು ಕಿಲೋಮೀಟರು ಸುತ್ತಿ ಮಧ್ಯಾಹ್ನದೊಳಗೆ ಮನೆ ಸೇರುವ ಹುಚ್ಚಿನವರು. ಎಲ್ಲರಿಗಿಂತ ಮುಂದೆ ಲೆಕ್ಕದ ಮೇಷ್ಟ್ರು, ಅವರ ಹಿಂದೆ ಹಲ್ಲಿನ ಡಾಕ್ಟರಮ್ಮ, ಆಮೇಲೆ ಅಣ್ಣ ಪ್ರೆಸ್ಸು, ತಮ್ಮ ಪ್ರೆಸ್ಸು ಎಂದು ಕರೆಸಿಕೊಳ್ಳುತ್ತಿದ್ದ, ಪ್ರೆಸ್ಸು ನಡೆಸುವ ಅಣ್ಣತಮ್ಮಂದಿರು, ಕೊನೆಗೆ ಎಲ್ಲರ ಬಾಯಲ್ಲಿ ಕನ್ನಡಕದವರಾಗಿದ್ದ ಅವನು. ಒಬ್ಬರ ಹಿಂದಿನ ಗಾಲಿಗೂ ಇನ್ನೊಬ್ಬರ ಮುಂದಿನ ಗಾಲಿಗೂ ನಡುವೆ ಒಂದು ಗೇಣು. ಅಷ್ಟು ಹತ್ತಿರ ಬಂದರೆ ಗಾಳಿಯೆಲ್ಲ ಮುಂದಿನವರಿಗೆ ಬಡಿದು ಹಿಂದಿನವರಿಗೆ ಕಾಲು ಹಗುರ. ಆದರೆ ರಸ್ತೆ ಕಾಣುವುದಿಲ್ಲ, ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಹಾಗಾಗಿ ಮೇಷ್ಟ್ರು ಗುಂಡಿ ಕಂಡರೆ ಕೈಯಿಳಿಸಿ ತೋರಿಸಬೇಕು, ಅದನ್ನು ನೋಡಿ ಡಾಕ್ಟರಮ್ಮ ತೋರಿಸಬೇಕು, ಹೀಗೆ ಕೈಯಿಂದ ಕೈಗೆ ಸುದ್ದಿ ಕೊನೆಯವರೆಗೆ ಬರಬೇಕು. ಯಾರೂ ಬಾಯಿ ಬಿಡುವ ಹಾಗಿಲ್ಲ, ಗಾಳಿಯಲ್ಲಿ ಮಾತು ಕೇಳಿಸುವುದೂ ಇಲ್ಲ. ಗುಂಪಿಗಿದ್ದ ಕಟ್ಟಳೆ ಇದೊಂದೇ. ಕಳೆದ ವರ್ಷದವರೆಗೆ ಅವನು ಕೊನೆಯವನಾಗಿರಲಿಲ್ಲ. ಅವನ ಹಿಂದೆ ದರ್ಜಿ ಇದ್ದ.

ದರ್ಜಿಯ ಹಿಂದಿನ ಗಾಲಿಯೊಳಗೆ ಒಂದು ಹಲ್ಲು ಮುರಿದಿತ್ತು. ಮೂರು ಸಲ ಟಿಕ್ ಎಂದು ಒಂದು ಸಲ ನುಂಗುತ್ತಿತ್ತು. "ಮಿಷನ್ನಿಗೆ ದಿನಾ ಎಣ್ಣೆ ಬಿಡ್ತೀರಿ, ಇದಕ್ಕೂ ಎರಡು ಹನಿ ಬಿಡಬಾರದಾ?" ಎಂದು ಡಾಕ್ಟರಮ್ಮ ಕೇಳಿದರೆ ದರ್ಜಿ, "ಇದು ಸುಮ್ಮನಾದ್ರೆ ನಾನು ಹಿಂದೆ ಬರ್ತಿದೀನೋ ಇಲ್ವೋ ನಿಮಗೆ ಹೇಗೆ ಗೊತ್ತಾಗಬೇಕು?" ಎನ್ನುತ್ತಿದ್ದ. ಗುಂಪಿನ ಎಲ್ಲರ ಜರ್ಸಿಗಳನ್ನೂ ಮೈಗೆ ಸರಿಯಾಗಿ ಹಿಡಿದು ಕೊಟ್ಟವನು ಅವನೇ. ಬೆನ್ನಿನ ಜೇಬಿನಲ್ಲಿ ಬಾಳೆಹಣ್ಣು ಜಜ್ಜಿಹೋಗದಂತೆ ಒಳಗೊಂದು ಪದರ ಹೊಲಿದವನೂ ಅವನೇ. ಈಗ ಎಲ್ಲರೂ ಸೇರುವ ಪೆಟ್ರೋಲ್ ಬಂಕಿನ ಕಡೆ ತುಳಿಯುತ್ತಿದ್ದವನ ತೊಡೆಗೆ ಉಜ್ಜುತ್ತಿದ್ದ ಚಡ್ಡಿಯ ಹೊಲಿಗೆಯೂ ದರ್ಜಿಯದೇ. ಬೇರೆ ಕೊಳ್ಳೋಣವೆಂದು ಹೆಂಡತಿ ಎಷ್ಟು ಸಲ ಹೇಳಿದರೂ ಅವನು ಅದನ್ನೇ ಹಾಕಿಕೊಳ್ಳುತ್ತಿದ್ದ. ಬಿಟ್ಟರೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂಬ ಭಯ. ಯಾರಿಗೆ, ಏನು ಗೊತ್ತಾಗಬೇಕು ಎಂದು ಅವನು ಕೇಳಿಕೊಳ್ಳಲು ಹೋಗಿರಲಿಲ್ಲ.

ಬಂಕಿನ ಎದುರು ನಾಲ್ಕು ಸೈಕಲ್ಲು ಇರಬೇಕಾದಲ್ಲಿ ಐದು ಇದ್ದವು. ಐದನೆಯದು ದರ್ಜಿಯ ಹಸಿರು ಸೈಕಲ್ಲೆಂದು ಅವನಿಗೆ ದೂರದಿಂದಲೇ ಗುರುತು ಸಿಕ್ಕಿತು. ಸೀಟು ತಗ್ಗಿಸಿತ್ತು. ಅದನ್ನು ಹಿಡಿದು ನಿಂತಿದ್ದವಳು ದರ್ಜಿಯ ಹೆಂಡತಿ. ಗಂಡನ ಹೆಲ್ಮೆಟ್ಟಲ್ಲ, ಹೊಸದು ಹಾಕಿಕೊಂಡಿದ್ದಳು. ಜರ್ಸಿ ಮಾತ್ರ ಗಂಡನದು, ಎರಡೂ ಪಕ್ಕ ಹೊಲಿಗೆ ಹಾಕಿ ಹಿಡಿದಿತ್ತು. ಗುಂಪಿನವರೆಲ್ಲ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಎರಡು ತಿಂಗಳಿಂದ ಶಾಲೆಯ ಮೈದಾನದಲ್ಲಿ ಮೇಷ್ಟ್ರು ಅವಳಿಗೆ ಗುಂಪಿನಲ್ಲಿ ಹೋಗುವುದನ್ನು ಕಲಿಸುತ್ತಿದ್ದರಂತೆ, ಒಬ್ಬರಿಗೂ ಸುಳಿವು ಕೊಡದೆ. "ಆ ರಸ್ತೆಯಲ್ಲಿ ಒಂದು ಸಲ ಹೋಗಿ ಬರ್ಬೇಕು," ಎಂದಳು ಅವಳು, ಯಾರನ್ನೂ ನೋಡದೆ. "ಇವರು ಬಿದ್ದ ಜಾಗ ನನ್ನ ಕಣ್ಣಿಂದ ನೋಡ್ಬೇಕು. ಆಮೇಲೆ ಈ ಸೈಕಲ್ಲನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ." ಒಂದು ವರ್ಷ ಆ ರಸ್ತೆಯ ಹೆಸರೆತ್ತದ ಗುಂಪು ಮುಖ ಮುಖ ನೋಡಿಕೊಂಡಿತು.

"ಕನ್ನಡಕದವರ ಹಿಂದೆ ಇರಿ ಅತ್ತಿಗೆ," ಎಂದರು ಮೇಷ್ಟ್ರು. "ನಮ್ಮಲ್ಲಿ ಅದಕ್ಕಿಂತ ಭದ್ರವಾದ ಜಾಗ ಇಲ್ಲ. ಗುಂಡಿ ಬಿಡಿ, ಇರುವೆ ಅಡ್ಡ ಬಂದ್ರೂ ತೋರಿಸ್ತಾರೆ."

ಎಲ್ಲರೂ ನಕ್ಕರು. ಅವನೂ ನಕ್ಕ. ನಗುವಾಗ ತುಟಿ ಹಲ್ಲಿಗೆ ಅಂಟಿಕೊಂಡಿತ್ತು. ಅತ್ತಿಗೆಯ ಸೈಕಲ್ಲಿನ ಹಿಂದಿನ ಗಾಲಿಯನ್ನು ನೋಡಿ, ಏನೋ ಮಾತಾಡಬೇಕಲ್ಲ ಎಂದು, "ಅದು ಇನ್ನೂ ಸದ್ದು ಮಾಡುತ್ತಾ?" ಎಂದು ಕೇಳಿದ. ಅವಳು ಸೀಟು ಎತ್ತಿ ಗಾಲಿ ತಿರುಗಿಸಿ ತೋರಿಸಿದಳು. ಗಾಲಿ ಬೆಣ್ಣೆಯ ಹಾಗೆ ತಿರುಗಿತು. "ಎರಡೂ ಗಾಲಿ ಹೊಸದು. ಹಳೇದು ಅವತ್ತು ಬಿದ್ದು ಸೊಟ್ಟಗಾಗಿತ್ತಲ್ಲ. ಇದು ಉಸಿರೇ ಬಿಡಲ್ಲ," ಎಂದಳು.

ಅಂಗಡಿಯಲ್ಲಿ ಅವನ ಕೆಲಸವೇ ಕೇಳುವುದು. ಬಂದವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, ಇದು ಸ್ಪಷ್ಟವೋ, ಅದು ಸ್ಪಷ್ಟವೋ? ಇದೋ, ಅದೋ? ಇಪ್ಪತ್ತು ವರ್ಷದಿಂದ ದಿನಕ್ಕೆ ಮೂವತ್ತು ಸಲ. ಮಾವನ ಅಂಗಡಿ. ಬೋರ್ಡಿನ ಮೇಲೆ ಇವತ್ತಿಗೂ ಮಾವನ ಹೆಸರಿದೆ, ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯ ಮೇಲೆ ಮಾವನ ಶಾಲಿದೆ. ಮದುವೆಯಾದ ಹೊಸದರಲ್ಲಿ ಮಾವ ಗಿರಾಕಿಗಳ ಮುಂದೆ, "ನಮ್ಮ ಅಳಿಯಂದಿರು, ನನ್ನ ನೆರಳಲ್ಲೇ ಬೆಳೀತಿದಾರೆ," ಎನ್ನುತ್ತಿದ್ದರು, ಪ್ರೀತಿಯಿಂದಲೇ. ಆ ಮಾತು ಅವನ ಮೈಯಲ್ಲಿ ಎಲ್ಲೋ ಉಳಿದುಕೊಂಡಿತ್ತು. ಈಗ ಸಾಲು ಊರು ದಾಟಿತ್ತು, ಎದುರಿನಿಂದ ಗಾಳಿಯೆದ್ದಿತ್ತು, ತಮ್ಮ ಪ್ರೆಸ್ಸಿನ ಅಗಲ ಬೆನ್ನಿನ ಮರೆಯಲ್ಲಿ ಅವನಿಗೆ ಗಾಳಿ ಸೋಕುತ್ತಿರಲಿಲ್ಲ. ಅವನ ಕೈ ಇಳಿದು ಒಂದು ಕಲ್ಲನ್ನು ತೋರಿಸಿತು. ಒಂದು ಮುರಿದ ಬಾಟಲಿಯನ್ನು ತೋರಿಸಿತು. ಹಿಂದೆ ಅತ್ತಿಗೆಯ ಟಯರು ರಸ್ತೆಯ ಮೇಲೆ ಸುಯ್‌ಗುಟ್ಟುತ್ತಿತ್ತು. ಇಳಿಜಾರು ಬಂದು ಎಲ್ಲರೂ ತುಳಿಯುವುದನ್ನು ಬಿಟ್ಟಾಗ ಅವನೂ ಬಿಟ್ಟು, ಮೈಯೆಲ್ಲ ಕಿವಿಯಾಗಿ ಕಾದ. ಅತ್ತಿಗೆಯ ಸುಯ್‌ಗುಟ್ಟುವಿಕೆಯ ಹಿಂದೆ, ಇನ್ನೊಂದು ಗಾಲಿಯಷ್ಟು ಹಿಂದೆ, ಟಿಕ್ ಟಿಕ್ ಟಿಕ್, ಒಂದು ಬಿಡುವು. ಅದು ಅವಳಿಗೆ ಜಾಗ ಬಿಟ್ಟುಕೊಟ್ಟು ಹಿಂದೆ ಸರಿದಿತ್ತು.

ಚಹಾದಂಗಡಿ ಅದೇ, ಬೆಂಚೂ ಅದೇ. ಬಿದ್ದ ದಿನ ಬೆಳಗ್ಗೆ ದರ್ಜಿ ಈ ಬೆಂಚಿನ ತುದಿಯಲ್ಲಿ ಕೂತು ಎಲ್ಲರ ಜರ್ಸಿಗಳನ್ನು ಗಿರಾಕಿಯ ಬಟ್ಟೆ ನೋಡುವ ಹಾಗೆ ನೋಡುತ್ತಿದ್ದ. "ಎಲ್ಲರದ್ದೂ ಎದೆ ಭಾಗ ಮಾಸಿದೆ ನೋಡಿ, ಗಾಳಿ ಬಿಸಿಲು ತಿಂದು. ಕನ್ನಡಕದವರದ್ದು ಮಾತ್ರ ಎದೆ ಹೊಸದು, ಬೆನ್ನು ಹಳೇದು. ಇವರು ಯಾರದಾದ್ರೂ ಬೆನ್ನು ಬಿಟ್ಟು ಬಂದಿದ್ರೆ ತಾನೇ!" ಅಣ್ಣ ಪ್ರೆಸ್ಸಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಮೇಷ್ಟ್ರು ಕೂಡ ನಕ್ಕರು. ದರ್ಜಿ ಅವನ ಭುಜ ತಟ್ಟಿ, "ಸುಮ್ನೆ ಅಂದೆ, ಬೇಜಾರು ಮಾಡ್ಕೋಬೇಡಿ," ಎಂದ. ಬೇಜಾರು ಮಾಡಿಕೊಳ್ಳಬೇಡಿ ಎಂದದ್ದೇ ಹೆಚ್ಚು ನೋಯಿಸಿತು. ಬೇಜಾರಾಗಿದೆಯೆಂದು ಎಲ್ಲರಿಗೂ ಕಂಡಿತ್ತು ಎಂದಾಯಿತಲ್ಲ. ಮುಖ ಸಣ್ಣದು ಮಾಡಿಕೊಂಡು ಲೋಟ ತೊಳೆಯುವ ನೆಪದಲ್ಲಿ ಎದ್ದುಹೋಗಿದ್ದ.

ಈಗ ಬೆಂಚಿನ ಅದೇ ತುದಿಯಲ್ಲಿ ಅತ್ತಿಗೆ ಕೂತಳು. ಉಳಿದವರು ಅಂಗಡಿಯ ಆಚೆ ಪಂಪಿನಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಿದ್ದರು.

"ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ," ಎಂದಳು. "ನೀವು ಆಸ್ಪತ್ರೆಗೆ ಬರ್ಲಿಲ್ಲ. ಬರೋಕೆ ಧೈರ್ಯ ಆಗಿರ್ಲಿಕ್ಕಿಲ್ಲ, ನನಗರ್ಥ ಆಗುತ್ತೆ. ಎರಡನೇ ದಿನ ಇವರಿಗೆ ಎಚ್ಚರ ಇತ್ತು. ಮೇಷ್ಟ್ರು ಬಂದು ಕೇಳಿದ್ರು, ಕನ್ನಡಕದವರು ಗುಂಡಿ ತೋರಿಸಿದ್ರಾ ಅಂತ. ಇವರು, ತೋರಿಸಿದ್ರು, ನಾನೇ ಎಲ್ಲೋ ನೋಡ್ತಿದ್ದೆ ಅಂದ್ರು."

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಅಷ್ಟು ಸಾಕಾಯ್ತು ನನಗೆ. ಮೇಷ್ಟ್ರು ಆಚೆ ಹೋಗ್ತಿದ್ದ ಹಾಗೇ ಶುರು ಮಾಡಿದೆ. ಐದು ಜನ ಐದು ಕೈ ತೋರಿಸಿದ್ರೂ ಕಾಣದಷ್ಟು ಯಾವ ಲೋಕದಲ್ಲಿದ್ರಿ, ಮನೇಲಿ ಇಬ್ಬರು ಮಕ್ಕಳಿದಾರೆ ಅನ್ನೋ ನೆನಪಿತ್ತಾ, ಹೀಗೆ. ನಾಲ್ಕು ದಿನ ಬೈದೆ. ಕೊನೇ ದಿನ ಬೆಳಗ್ಗೆನೂ ಬೈದೆ, ಮಧ್ಯಾಹ್ನ ಹೋದ್ರು. ಒಂದು ಸಲವಾದ್ರೂ ಎದುರು ಮಾತಾಡ್ಬಾರದಾ? ಸುಮ್ನೆ ನೋಡ್ತಿದ್ರು. ಈಗಲೂ ಫೋಟೋ ಮುಂದೆ ನಿಂತ್ರೆ ನನಗೆ ಅಳು ಬರಲ್ಲ, ಬೈಗುಳ ಬರುತ್ತೆ." ಅವಳು ಲೋಟದ ತಳದಲ್ಲಿ ಉಳಿದಿದ್ದನ್ನು ನೆಲಕ್ಕೆ ಚೆಲ್ಲಿದಳು. "ಜಾಗ ನೋಡಿದ್ರೆ ಕೋಪ ಇಳೀಬಹುದು ಅಂತ ಬಂದೆ."

ಮೇಷ್ಟ್ರು ಆಚೆಯಿಂದ ಹೊರಡೋಣವೆಂದು ಕೈ ಬೀಸಿದರು. ಅವನು ಸೈಕಲ್ಲು ಹತ್ತಿದ್ದು, ಸಾಲಿನಲ್ಲಿ ಸೇರಿಕೊಂಡದ್ದು, ರಸ್ತೆ ಹಿಂದಕ್ಕೆ ಓಡತೊಡಗಿದ್ದು ಯಾವುದೂ ಅವನ ಗಮನಕ್ಕೆ ಬರಲಿಲ್ಲ. ತೋರಿಸಿದ್ರು ಅಂದನಂತೆ ದರ್ಜಿ. ಯಾಕೆ ಅಂದ? ನನ್ನ ಹಿಂದಿದ್ದವನು ಅವನು, ನನ್ನ ಕೈಯನ್ನು ಬಿಟ್ಟು ಅವನಿಗೆ ನೋಡಲು ಬೇರೇನಿತ್ತು? ತಮಾಷೆ ಮಾಡಿ ನೋಯಿಸಿದೆನಲ್ಲ ಎಂದು ನನ್ನನ್ನು ಉಳಿಸಿದನೋ? ಅಥವಾ ಕೈ ನಿಜವಾಗಿಯೂ ಇಳಿದಿತ್ತೋ, ನನಗೇ ಗೊತ್ತಾಗದೆ, ಈಗ ಇಳಿಯುತ್ತದಲ್ಲ ಹಾಗೆ? ಇದೋ, ಅದೋ? ಎರಡನೆಯ ಗಾಜಿನಲ್ಲಿ ಎದೆ ಒಮ್ಮೆಗೇ ಹಗುರಾಯಿತು. ಹಗುರಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಸುಳ್ಳು. ಕೈ ಇಳಿದಿರಲಿಲ್ಲ. ತಮ್ಮ ಪ್ರೆಸ್ಸು ಬೆರಳು ಚಾಚಿದ್ದು ಕಂಡಿತ್ತು, ಗುಂಡಿಯ ಅಂಚಿನ ಹಳದಿ ಮಣ್ಣು ಕೂಡ ಕಂಡಿತ್ತು. ಸೈಕಲ್ಲನ್ನು ಬಲಕ್ಕೆ ತೆಗೆದುಕೊಂಡಿದ್ದ. ಎಡಗೈ ಹ್ಯಾಂಡಲ್ಲನ್ನು ಹಿಡಿದೇ ಇತ್ತು. ನನ್ನ ಬೆನ್ನು ಹಳೆಯದಲ್ಲವೇ, ನೋಡಿಕೊಂಡು ಬಾ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದನೇ? ಅಷ್ಟು ಉದ್ದದ ಮಾತು ಅಷ್ಟು ಸಣ್ಣ ಹೊತ್ತಿನಲ್ಲಿ ಹಿಡಿಸುವುದಿಲ್ಲ. ಆದರೆ ಅದರ ರುಚಿ ನಾಲಿಗೆಯ ಮೇಲಿತ್ತು. ಹಿಂದೆ ಟಿಕ್ ಟಿಕ್ ಟಿಕ್ ನಿಂತು, ಆ ಬಿಡುವು ಮುಗಿಯದೆ ಹಾಗೇ ಉಳಿದುಬಿಟ್ಟಿತ್ತು. ಮೋರಿಯ ಕಲ್ಲಿನ ಕಟ್ಟೆಗೆ ದರ್ಜಿಯ ಎದೆ ಬಡಿದಿತ್ತು. ಎಲ್ಲರೂ ಓಡಿಬಂದು, ನಾನು ತೋರಿಸಿದೆ, ನಾನೂ ತೋರಿಸಿದೆ ಎಂದು ಒಬ್ಬೊಬ್ಬರಾಗಿ ಹೇಳುತ್ತ ಅವನವರೆಗೆ ಬಂದಾಗ, ಅವನೂ ಹೇಳಿದ್ದ. ಗುಂಡಿಯ ಸುದ್ದಿ ಕೈಯಿಂದ ಕೈಗೆ ಬಂದ ಹಾಗೇ ಆ ಮಾತೂ ಬಾಯಿಂದ ಬಾಯಿಗೆ ಬಂದಿತ್ತು. ಇದನ್ನು ಮಾತ್ರ ಅವನು ತಡೆದು ನಿಲ್ಲಿಸಲಿಲ್ಲ.

ಮೋರಿ ದೂರದಲ್ಲಿ ಕಂಡಿತು. ಗುಂಡಿ ಇರಲಿಲ್ಲ. ಯಾವಾಗಲೋ ಮುಚ್ಚಿ ಡಾಂಬರು ಹಾಕಿದ್ದರು, ಸುತ್ತಲಿನ ರಸ್ತೆಗಿಂತ ಕಪ್ಪಾದ ಒಂದು ತೇಪೆ ಮಾತ್ರ ಇತ್ತು. ಆದರೂ ಮೇಷ್ಟ್ರ ಕೈ ಇಳಿಯಿತು. ಡಾಕ್ಟರಮ್ಮನ ಕೈ ಇಳಿಯಿತು. ಅಣ್ಣ ಪ್ರೆಸ್ಸು, ತಮ್ಮ ಪ್ರೆಸ್ಸು, ಇಲ್ಲದ ಗುಂಡಿಯನ್ನು ಒಬ್ಬರಾದ ಮೇಲೊಬ್ಬರು ತೋರಿಸುತ್ತ ದಾಟಿದರು. ಅವನ ಸರದಿ ಬಂತು. ವರ್ಷವಿಡೀ ಮೆಟ್ಟಿಲಿಗೆ, ನಾಯಿಗೆ, ಒದ್ದೆ ನೆಲಕ್ಕೆ ಇಳಿದ ಕೈ ಈಗ ಹ್ಯಾಂಡಲ್ಲನ್ನು ಹಿಡಿದು ಕೂತಿತು. ಎತ್ತಲು ನೋಡಿದ, ಬೆರಳು ಸಡಿಲವಾಗಲಿಲ್ಲ. ಸೈಕಲ್ಲು ಮಾತ್ರ ತಾನಾಗಿಯೇ ಬಲಕ್ಕೆ ಸರಿಯಿತು.

"ಇಲ್ಲೇನಾ?" ಎಂದು ಹಿಂದಿನಿಂದ ಅತ್ತಿಗೆ ಕೂಗಿದಳು.

ಅವನು ಬ್ರೇಕು ಹಿಡಿದ. ಮುಂದಿನವರಿಗೆ ತಿಳಿಯಲಿಲ್ಲ, ಅವರು ಏರು ಹತ್ತಿ ಮರೆಯಾದರು. ಅತ್ತಿಗೆ ಎರಡೂ ಕಾಲು ನೆಲಕ್ಕೂರಿ ನಿಂತಿದ್ದಳು. ಅವಳ ಗಾಲಿ ನಿಂತಿತ್ತು, ಅವನದೂ ನಿಂತಿತ್ತು. ಆದರೂ ಅವಳ ಹಿಂದೆ ಎಲ್ಲೋ ಒಂದು ಗಾಲಿ ನಿಧಾನವಾಗುತ್ತ, ಟಿಕ್, ಟಿಕ್, ಟಿಕ್ ಎಂದು, ಕೊನೆಗೆ ಸುಮ್ಮನಾಯಿತು. ಬಯಲಿನಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಕಪ್ಪು ತೇಪೆಯನ್ನೂ ಮೋರಿಯ ಕಟ್ಟೆಯನ್ನೂ ನೋಡುತ್ತಿದ್ದಳು.

"ಇಷ್ಟು ದೊಡ್ಡದಿತ್ತಾ? ಇಷ್ಟು ದೊಡ್ಡದು ಕಾಣ್ಲಿಲ್ವಾ ಇವರಿಗೆ?" ಅವಳ ದನಿಯಲ್ಲಿ ಕೋಪ ಏರುತ್ತಿತ್ತು. ಇಳಿಯಲೆಂದು ಬಂದಿದ್ದ ಕೋಪ.

"ಅತ್ತಿಗೆ, ಅವತ್ತು ನಾನು ತೋರಿಸ್ಲಿಲ್ಲ."

"ಏನು?"

"ನನಗೆ ಕಂಡಿತ್ತು. ಪಕ್ಕಕ್ಕೆ ತಗೊಂಡು ಹೋದೆ. ಕೈ ಎತ್ತಲಿಲ್ಲ. ಚಹಾ ಕುಡಿಯುವಾಗ ಅವರೊಂದು ತಮಾಷೆ ಮಾಡಿದ್ರು, ಅದು ಮನಸ್ಸಲ್ಲಿತ್ತು. ಆಮೇಲೆ ಎಲ್ಲರೂ ತೋರಿಸಿದೆ ಅಂದಾಗ ನಾನೂ ಅಂದೆ. ಅವರ ತಪ್ಪು ಏನೂ ಇರ್ಲಿಲ್ಲ."

ಅವಳು ಕಟ್ಟೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. ಆಮೇಲೆ, "ಏನು ತಮಾಷೆ?" ಎಂದಳು.

ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆಂದು ಅವನು ಎಣಿಸಿರಲಿಲ್ಲ. "ನನ್ನ ಜರ್ಸಿ ಎದೆ ಭಾಗ ಮಾಸೋದೇ ಇಲ್ಲ, ನಾನು ಯಾರದಾದ್ರೂ ಬೆನ್ನ ಹಿಂದೇನೇ ಇರ್ತೀನಿ ಅಂತ."

ಅವಳು ಅರ್ಧ ನಕ್ಕು ತಡೆದುಕೊಂಡಳು. ಅದು ಗಂಡನ ಮಾತೇ, ಅವನ ಬಾಯಿಂದಲೇ ಬಂದದ್ದು ಎಂದು ಅವಳಿಗೆ ಗುರುತು ಸಿಕ್ಕಿತ್ತು. ಕಣ್ಣಲ್ಲಿ ನೀರು ತುಂಬಿತು. "ಅಷ್ಟಕ್ಕಾ?" ಎಂದಳು. "ಅಷ್ಟಕ್ಕೇನಾ?"

ಅವನು ತಲೆ ತಗ್ಗಿಸಿದ.

"ನಾಲ್ಕು ದಿನ ಬೈದೆನಲ್ಲ," ಎಂದಳು, ಅವನಿಗಲ್ಲ, ಕಟ್ಟೆಯ ಕಲ್ಲಿಗೆ. ಕೈಗವಸಿನಿಂದ ಮುಖ ಒರೆಸಿಕೊಂಡಳು. ಜರ್ಸಿಯ ಪಕ್ಕದ ಹೊಲಿಗೆಯನ್ನು ಬೆರಳಿನಿಂದ ಸವರಿದಳು, ಅಲ್ಲಿ ಯಾವುದೋ ನೂಲು ಬಿಟ್ಟಿದೆಯೇನೋ ಎಂಬಂತೆ. ಒಂದು ಲಾರಿ ಬಂದು, ಧೂಳೆಬ್ಬಿಸಿ, ಹೋಯಿತು. ಕ್ಷಮಿಸಿ ಎನ್ನುವ ಮಾತು ಅವನ ಬಾಯಿಯವರೆಗೆ ಬಂದು, ಎಷ್ಟು ಸಣ್ಣದೆಂದು ತಿಳಿದು ವಾಪಸು ಹೋಯಿತು. ಅವಳು ಪೆಡಲಿನ ಮೇಲೆ ಕಾಲಿಟ್ಟಳು.

"ನಿಮ್ಮ ಹಿಂದೆ ನಾನು ಬರಲ್ಲ. ನೀವು ಹಿಂದೆ ಬನ್ನಿ."

ಅವಳು ಅವನನ್ನು ದಾಟಿ ಹೊರಟಳು. ದೂರ ಬಿಟ್ಟು ಹೋಗಬೇಕೆಂದೇ ಅವನಿದ್ದ. ಆದರೆ ಏರು ಮುಗಿದು ಇಳಿಜಾರು ಶುರುವಾಗುವ ಹೊತ್ತಿಗೆ ಹಳೆಯ ಅಭ್ಯಾಸ ಅವನ ಮುಂದಿನ ಗಾಲಿಯನ್ನು ಅವಳ ಹಿಂದಿನ ಗಾಲಿಗೆ ಒಂದು ಗೇಣು ಹತ್ತಿರ ತಂದು ನಿಲ್ಲಿಸಿತ್ತು. ರಸ್ತೆ ಕಾಣುತ್ತಿರಲಿಲ್ಲ. ದರ್ಜಿಯ ಜರ್ಸಿ, ಅದರೊಳಗೆ ಅವಳ ಬೆನ್ನು, ಅಷ್ಟೇ ಅವನ ಪ್ರಪಂಚ. ವೇಗ ಏರಿತು. ಅವಳು ತುಳಿಯುವುದನ್ನು ನಿಲ್ಲಿಸಿದಳು, ಅವನೂ ನಿಲ್ಲಿಸಿದ. ಅವನ ಹಿಂದೆ ಸದ್ದು ಶುರುವಾಯಿತು, ಈಗ ಹತ್ತಿರ, ತನ್ನ ಹಳೆಯ ಜಾಗದಲ್ಲಿ.

ಆಗ ಅವಳ ಮೊಣಕೈ ಸೆಟೆದದ್ದು ಅವನಿಗೆ ಕಂಡಿತು. ಮುಂದೆ ಏನೋ ಇದೆ. ಅವಳ ಎಡಗೈ ಹ್ಯಾಂಡಲ್ಲಿನ ಮೇಲೇ ಇತ್ತು. ಗಟ್ಟಿಯಾಗಿ ಹಿಡಿದಿತ್ತು. ಆ ಹಿಡಿತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೈಕಲ್ಲನ್ನು ಅವಳು ಬಲಕ್ಕೆ ವಾಲಿಸತೊಡಗಿದ್ದಳು. ಬ್ರೇಕಿನ ಮೇಲಿದ್ದ ಬೆರಳನ್ನು ಅವನು ಒತ್ತಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಆಗಲಿ ಎಂದುಕೊಂಡ. ಈ ಸಲ ಪೂರ್ತಿಯಾಗಿ, ತಪ್ಪಿಲ್ಲದೆ, ಅಷ್ಟುದ್ದದ ಮಾತನ್ನೂ ಅಂದುಕೊಂಡ: ಇದು ನಿಮ್ಮ ಇಷ್ಟ ಅತ್ತಿಗೆ.

ಅವಳ ಕೈ ಎದ್ದಿತು. ತಡವಾಗಿ, ಮೇಷ್ಟ್ರು ಕಲಿಸಿದ ಹಾಗೆ ಎಡಕ್ಕೆ ಇಳಿದು ಬೆರಳು ಚಾಚಿತು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಾಗೇ ಚಾಚಿಕೊಂಡಿತ್ತು. ಅವಳು ತಿರುಗಿ ನೋಡಲಿಲ್ಲ. ಅವನು ಬಲಕ್ಕೆ ಹೊರಳಿದ, ಆಳವಾದ ಗುಂಡಿಯೊಂದು ಅವನ ಪಾದದ ಪಕ್ಕದಲ್ಲೇ ಹಾದುಹೋಯಿತು. ಕಣ್ಣು ಮಂಜಾಗಿ ಏನೂ ಕಾಣದಿದ್ದರೂ ಅವನ ಎಡಗೈ ತಾನಾಗಿಯೇ ಹ್ಯಾಂಡಲ್ಲನ್ನು ಬಿಟ್ಟು, ಕೆಳಗಿಳಿದು, ಹಿಂದಿನವರಿಗೆ ಗುಂಡಿಯನ್ನು ತೋರಿಸಿತು.

ಟಿಕ್ ಟಿಕ್ ಟಿಕ್. ಆ ಸದ್ದು ಸ್ವಲ್ಪ ಬಲಕ್ಕೆ ಸರಿಯಿತು, ಗುಂಡಿಯನ್ನು ದಾಟಿತು, ಮತ್ತೆ ಬಂದು ಅವನ ಹಿಂದೆ ಸೇರಿಕೊಂಡಿತು.